ಗೃಹಸಾಲ, ತಾರಸಿ ತೋಟ, ಡಬ್ಬಗಳ ಖರ್ಚು: ಕಂತು ಬೇಗ ತೀರಲು ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಮೈಸೂರಿನ ಹೊರವಲಯದಲ್ಲಿ 30x40 ಸೈಟಿನಲ್ಲಿ ಮನೆ ಕಟ್ಟಿಸಿ ಮೂರು ವರ್ಷವಾಯಿತು. ಒಂದು ಗೃಹಸಾಲ ಕಂಪನಿಯಿಂದ 35 ಲಕ್ಷ ಸಾಲ ಪಡೆದಿದ್ದೇವೆ. ಅವಧಿ 20 ವರ್ಷ, ಬಡ್ಡಿ ಶೇ 8.5, ಕಂತು ತಿಂಗಳಿಗೆ 30,374 ರೂಪಾಯಿ. ಒಂದು ಕಂತೂ ತಪ್ಪಿಸಿಲ್ಲ, ಆದರೂ ಇನ್ನೂ 32.7 ಲಕ್ಷ ಬಾಕಿ ಇದೆ. ಇಬ್ಬರ ಸಂಬಳ ಸೇರಿ ಕೈಗೆ 78,000 ಬರುತ್ತದೆ. ಮನೆಯಲ್ಲಿ ನಾವಿಬ್ಬರು, ಮಗಳು, ಅತ್ತೆ. ತಿಂಗಳಿಗೆ ದಿನಸಿಗೆ 9,000, ತರಕಾರಿಗೆ 3,200 ಆಗುತ್ತದೆ. ತರಕಾರಿಯ ಲೆಕ್ಕದಲ್ಲಿ ಸೊಪ್ಪು, ಕೊತ್ತಂಬರಿ, ಕರಿಬೇವು, ಪುದೀನಕ್ಕೇ 900 ಹೋಗುತ್ತದೆ. ಕೈತೋಟ ಮಾಡಿದರೆ ತಿಂಗಳಿಗೆ 5,000 ಉಳಿಯುತ್ತದೆ ಎಂಬ ವಿಡಿಯೊ ನೋಡಿ, ಹೋದ ವರ್ಷ 40 ಗ್ರೋ ಬ್ಯಾಗ್, ಸ್ಟ್ಯಾಂಡ್, ನೆರಳು ಬಲೆ ಅಂತ 22,000 ಖರ್ಚು ಮಾಡಿದೆ. ಟೊಮೆಟೊ ಪೂರ್ತಿ ಮುಟುರಿಕೊಂಡು ಹೋಯಿತು, ಸ್ವಲ್ಪ ಸೊಪ್ಪು ಮಾತ್ರ ಬಂತು. ಅಡುಗೆಮನೆ ಜೋಡಿಸಲು 6,000 ರೂಪಾಯಿಯ ಡಬ್ಬ ತಂದೆ, ಒಂದೇ ತಿಂಗಳಲ್ಲಿ ಮತ್ತೆ ಅದೇ ಗಲೀಜು. ‘ತೋಟ, ಡಬ್ಬ ಎಲ್ಲ ನಿಲ್ಲಿಸು, ಎಫ್‌ಡಿಯಲ್ಲಿರುವ 1.8 ಲಕ್ಷವನ್ನು ಸಾಲಕ್ಕೆ ಕಟ್ಟಿಬಿಡೋಣ’ ಎನ್ನುತ್ತಾರೆ ನಮ್ಮ ಮನೆಯವರು. 5,000 ರೂಪಾಯಿಯ ಒಂದು ಚೀಟಿಯೂ ನಡೆಯುತ್ತಿದೆ, 20 ತಿಂಗಳಲ್ಲಿ 10 ಮುಗಿದಿದೆ. ಅದನ್ನು ಈಗಲೇ ಕೂಗಿ ಎತ್ತಿದರೆ ಒಳ್ಳೆಯದೆ? ಸಾಲ ಬೇಗ ತೀರಿಸಿದರೆ ತೆರಿಗೆಯಲ್ಲಿ ನಷ್ಟ ಆಗುತ್ತದೆ ಎಂದೂ ಕೇಳಿದ್ದೇನೆ. ದಾರಿ ತಿಳಿಸಿ.

ಉತ್ತರ: ಇಷ್ಟು ಬಿಡಿಸಿ ಬರೆದಿದ್ದಕ್ಕೆ ವಂದನೆ. ಅಂಕಿಗಳನ್ನು ಮುಚ್ಚಿಡದೆ ಕೊಟ್ಟಾಗ ಮಾತ್ರ ಉಪಯೋಗಕ್ಕೆ ಬರುವ ಉತ್ತರ ಕೊಡಬಹುದು. ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿ ದುಡಿದವನು ನಾನು. ಈಗ ಮನೆವಾರ್ತೆಯ ಲೆಕ್ಕದಲ್ಲಿ ಸಿಕ್ಕಿಕೊಂಡ ಕುಟುಂಬಗಳಿಗೆ ಸಲಹೆ ಕೊಡುತ್ತೇನೆ. ನಮ್ಮ ಮನೆಯ ತಾರಸಿಯಲ್ಲೂ ಸೊಪ್ಪು ಬೆಳೆಯುತ್ತೇವೆ. ಹಾಗಾಗಿ ನಿಮ್ಮ ಪತ್ರದ ಎರಡೂ ಕಡೆಯ ಬಗ್ಗೆ ಮಾತಾಡಬಲ್ಲೆ.

ನಿಮ್ಮ ಚಿಂತೆಯ ತಿರುಳು ನನಗೆ ಅರ್ಥವಾದದ್ದು ಹೀಗೆ: ಮನೆಯನ್ನು ಅಚ್ಚುಕಟ್ಟು ಮಾಡಿ, ನಾಲ್ಕು ಗಿಡ ಬೆಳೆದು, ಉಳಿದದ್ದನ್ನು ಸಾಲಕ್ಕೆ ಹಾಕೋಣವೆಂದು ಹೊರಟಿರಿ. ಆದರೆ ಉಳಿಸುವ ಕೆಲಸವೇ ಖರ್ಚಿನ ಬಾಬ್ತಾಯಿತು. ಈಗ ತೋಟ ಬೇಕೋ ಸಾಲ ತೀರಬೇಕೋ ಎಂಬ ಜಗಳವಾಗಿ ಅದು ಮನೆಯಲ್ಲಿ ನಿಂತಿದೆ. ಆ ಜಗಳ ಬೇಕಿಲ್ಲ. ತೋಟ ಉಳಿಯಬಹುದು, ಸಾಲವೂ ಬೇಗ ತೀರಬಹುದು. ಆದರೆ ಹಣ ನೀವು ಹುಡುಕುತ್ತಿರುವ ಜಾಗದಲ್ಲಿ ಇಲ್ಲ.

ಮೊದಲು ಬಾಕಿಯ ವಿಷಯ. ಮೂರು ವರ್ಷದಲ್ಲಿ ನೀವು ಕಟ್ಟಿದ್ದು ಹತ್ತಿರ ಹತ್ತಿರ 10.9 ಲಕ್ಷ. ಅಸಲಿಗೆ ಹೋದದ್ದು 2.28 ಲಕ್ಷ ಮಾತ್ರ. ಇದರಲ್ಲಿ ಮೋಸವೇನೂ ಇಲ್ಲ, ಕಂತಿನ ಲೆಕ್ಕವೇ ಹಾಗೆ. ಮೊದಲ ತಿಂಗಳು 35 ಲಕ್ಷದ ಮೇಲಿನ ಬಡ್ಡಿಯೇ 24,792 ರೂಪಾಯಿ. ನಿಮ್ಮ ಕಂತಿನಲ್ಲಿ ಅಸಲಿಗೆ ಉಳಿದದ್ದು 5,582. ಅಸಲು ಕರಗಿದಂತೆ ಬಡ್ಡಿಯ ಪಾಲು ಇಳಿಯುತ್ತದೆ, ಆದರೆ ಮೊದಲ ವರ್ಷಗಳಲ್ಲಿ ಅದು ಬಹಳ ನಿಧಾನ. ಇದಕ್ಕೆ ಇನ್ನೊಂದು ಮುಖವಿದೆ, ಅದು ನಿಮ್ಮ ಪರವಾಗಿದೆ. ಈ ವರ್ಷಗಳಲ್ಲಿ ಕಂತಿನ ಮೇಲೆ ಹಾಕುವ ಪ್ರತಿ ರೂಪಾಯಿಯೂ ನೇರವಾಗಿ ಅಸಲಿಗೇ ಹೋಗುತ್ತದೆ, ಮುಂದಿನ ಹದಿನೇಳು ವರ್ಷದ ಬಡ್ಡಿಯನ್ನು ಕಡಿಮೆ ಮಾಡುತ್ತದೆ. ನಿಮ್ಮ ಸಾಲಕ್ಕೆ ಉಳಿದಿರುವುದು 204 ಕಂತು. ಇದೇ ದರದಲ್ಲಿ ತಿಂಗಳಿಗೆ 1,000 ಹೆಚ್ಚು ಕಟ್ಟುತ್ತ ಹೋದರೆ 190ಕ್ಕೆ ಮುಗಿಯುತ್ತದೆ. 3,000 ಹೆಚ್ಚು ಕಟ್ಟಿದರೆ 168ಕ್ಕೆ, ಅಂದರೆ ಮೂರು ವರ್ಷ ಮೊದಲೇ, ಮತ್ತು ಒಟ್ಟು ಸುಮಾರು 5.9 ಲಕ್ಷ ಉಳಿಯುತ್ತದೆ.

ಹಾಗಿದ್ದರೆ 3,000 ಎಲ್ಲಿಂದ? ಅದಕ್ಕೆ ಬರುವ ಮೊದಲು ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತ ಜಾಗವನ್ನು ತೋರಿಸಬೇಕು. ಸಾಲ ಪಡೆದಾಗ ಬಡ್ಡಿ ಶೇ 8.5 ಇತ್ತು, ಮೂರು ವರ್ಷ ಕಳೆದ ಮೇಲೂ ಅಷ್ಟೇ ಇದೆ. ಈ ನಡುವೆ ರಿಸರ್ವ್ ಬ್ಯಾಂಕು ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ದರವನ್ನು, 2025ರ ಫೆಬ್ರವರಿಯಿಂದ ಹಂತ ಹಂತವಾಗಿ ಇಳಿಸಿ, ಶೇ 6.5 ಇದ್ದದ್ದನ್ನು ಅದೇ ವರ್ಷದ ಡಿಸೆಂಬರ್ ಹೊತ್ತಿಗೆ ಶೇ 5.25ಕ್ಕೆ ತಂದಿತು. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಬದಲಾಗುವ ದರದ ಗೃಹಸಾಲಗಳು ರೆಪೊದಂಥ ಹೊರಗಿನ ಮಾನದಂಡಕ್ಕೇ ಜೋಡಣೆಯಾಗಿರಬೇಕು ಎಂಬ ನಿಯಮವಿದೆ. ಹಾಗಾಗಿ ರೆಪೊ ಇಳಿದಾಗ ಬ್ಯಾಂಕಿನ ಸಾಲಗಾರರಿಗೆ ತಾನಾಗಿ ದರ ಇಳಿಯಿತು. ಗೃಹಸಾಲ ಕಂಪನಿಗಳಿಗೆ ಆ ನಿಯಮ ಅನ್ವಯಿಸುವುದಿಲ್ಲ. ಅವು ತಮ್ಮದೇ ಮೂಲದರ ಇಟ್ಟುಕೊಳ್ಳುತ್ತವೆ, ಹಳೆಯ ಗ್ರಾಹಕ ಕೇಳದಿದ್ದರೆ ದರ ಇಳಿಸಲು ಅವಸರ ಮಾಡುವುದಿಲ್ಲ. ನಿಮ್ಮದು ಮೊದಲ ಕೆಲವು ವರ್ಷ ಸ್ಥಿರ ದರ, ಆಮೇಲೆ ಬದಲಾಗುವ ದರ ಎಂಬ ಬಗೆಯ ಸಾಲವೂ ಆಗಿರಬಹುದು. ಯಾವುದೆಂದು ತಿಳಿಯಲು ಮಂಜೂರಾತಿ ಪತ್ರ ನೋಡಬೇಕು. ಅದು ಎಲ್ಲಿದೆ ಎಂದು ನಿಮಗೆ ಈ ಕ್ಷಣ ಗೊತ್ತೆ?

ಅದಕ್ಕೇ ನನ್ನ ಬಳಿ ಬರುವವರಿಗೆ ಮನೆ ಜೋಡಿಸುವುದನ್ನು ಬೀರುವಿನ ಕಾಗದಗಳಿಂದ ಶುರು ಮಾಡಿ ಎನ್ನುತ್ತೇನೆ, ಅಡುಗೆಮನೆ ಆಮೇಲೆ. ಡಬ್ಬ ಬೇಕಿಲ್ಲ, ಮಗಳ ಹಳೆಯ ಶಾಲೆಯ ಫೈಲು ಸಾಕು. ಮಂಜೂರಾತಿ ಪತ್ರ, ಸಾಲದ ಕರಾರು, ಕಳೆದ ಮೂರು ವರ್ಷದ ಸಾಲ ಖಾತೆಯ ವಿವರ, ಇ-ಖಾತಾ, ಋಣಭಾರ ಪ್ರಮಾಣಪತ್ರ, ಆಸ್ತಿ ತೆರಿಗೆಯ ರಸೀದಿಗಳು, ವಿಮೆಯ ಪಾಲಿಸಿ ಎಲ್ಲವೂ ಒಂದೇ ಕಡೆ ಇರಲಿ. ಸಾಲದ ಜೊತೆಯಲ್ಲೇ ಒಂದು ವಿಮೆಯನ್ನು ಸೇರಿಸಿ ಅದರ ಕಂತನ್ನೂ ಸಾಲಕ್ಕೇ ಕೂಡಿಸಿದ್ದಾರೆಯೇ ಎಂದು ನೋಡಿ. ಹಲವು ಮನೆಗಳಲ್ಲಿ ಇದು ಫೈಲು ತೆರೆದಾಗಲೇ ಗೊತ್ತಾಗುತ್ತದೆ. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಸಿಗುವ ಶೇ 5ರ ರಿಯಾಯಿತಿ ತಪ್ಪಿಹೋಗುವುದೂ ಕಾಗದ ಕೈಗೆ ಸಿಗದ ಕಾರಣಕ್ಕೇ.

ಕಾಗದ ಸಿಕ್ಕ ಮೇಲೆ ಕಂಪನಿಗೆ ಒಂದು ಅರ್ಜಿ ಬರೆಯಿರಿ. ‘ನನ್ನ ದರ ಇಂತಿಷ್ಟಿದೆ, ಹೊಸ ಗ್ರಾಹಕರಿಗೆ ಈಗ ನೀವು ಕೊಡುತ್ತಿರುವ ದರಕ್ಕೆ ನನ್ನ ಸಾಲವನ್ನು ಬದಲಿಸಿ, ಶುಲ್ಕ ಎಷ್ಟೆಂದು ಲಿಖಿತವಾಗಿ ತಿಳಿಸಿ’ ಎಂದಷ್ಟೇ ಸಾಕು. ಫೋನಿನಲ್ಲಿ ಕೇಳಬೇಡಿ, ಉತ್ತರ ಬರವಣಿಗೆಯಲ್ಲೇ ಬರಲಿ. ದರ ಶೇ 7.5ಕ್ಕೆ ಇಳಿಯಿತು, ನೀವು ಕಂತನ್ನು ಇಳಿಸದೆ 30,374ನ್ನೇ ಕಟ್ಟುತ್ತ ಹೋದಿರಿ ಎಂದುಕೊಳ್ಳೋಣ. 204 ಕಂತು 180ಕ್ಕೆ ಬರುತ್ತದೆ. ಎರಡು ವರ್ಷದ ಕಂತು, ಅಂದರೆ ಏಳು ಲಕ್ಷಕ್ಕೂ ಹೆಚ್ಚು. ಇದು 40 ಗ್ರೋ ಬ್ಯಾಗು ಈ ಸಾಲದ ಅವಧಿಯುದ್ದಕ್ಕೂ ಕೊಡುವುದಕ್ಕಿಂತ ದೊಡ್ಡ ಮೊತ್ತ. ಅದರ ಮೇಲೆ ತಿಂಗಳಿಗೆ 3,000 ಸೇರಿಸಿದರೆ 152 ಕಂತಿಗೆ ಸಾಲ ಮುಗಿಯುತ್ತದೆ. ಹದಿನೇಳು ವರ್ಷದ ಬದಲು ಹನ್ನೆರಡೂ ಮುಕ್ಕಾಲು ವರ್ಷದೊಳಗೆ.

ಕಂಪನಿ ಒಪ್ಪದಿದ್ದರೆ ಸಾಲವನ್ನು ಬ್ಯಾಂಕಿಗೆ ವರ್ಗಾಯಿಸುವ ದಾರಿ ಇದೆ. ಅದರಲ್ಲಿ ಖರ್ಚೂ ಓಡಾಟವೂ ಇವೆ: ಹೊಸ ಬ್ಯಾಂಕಿನ ಸಂಸ್ಕರಣಾ ಶುಲ್ಕ, ವಕೀಲರ ಮತ್ತು ಮೌಲ್ಯಮಾಪನದ ಶುಲ್ಕ, ಮನೆಯ ಹಕ್ಕುಪತ್ರವನ್ನು ಹೊಸ ಬ್ಯಾಂಕಿನಲ್ಲಿ ಅಡವಿಡಲು ಕಟ್ಟಬೇಕಾದ ಮುದ್ರಾಂಕ ಶುಲ್ಕ. ಇವೆಲ್ಲವನ್ನೂ ಕೂಡಿಸಿ, ವರ್ಷಕ್ಕೆ ಉಳಿಯುವ ಬಡ್ಡಿಯ ಎದುರಿಗಿಡಿ. ನಿಮ್ಮ ಬಾಕಿಯ ಮೇಲೆ ಶೇ 1 ಇಳಿದರೆ ಮೊದಲ ವರ್ಷವೇ 32,000ಕ್ಕಿಂತ ಹೆಚ್ಚು ಉಳಿತಾಯ, ಹಾಗಾಗಿ ಸಾಮಾನ್ಯವಾಗಿ ಲೆಕ್ಕ ಕೂಡಿಬರುತ್ತದೆ. ಕಾಲು ಪರ್ಸೆಂಟಿನ ವ್ಯತ್ಯಾಸಕ್ಕೆ ಓಡಾಡಬೇಡಿ. ಒಂದು ಎಚ್ಚರಿಕೆ: ಹೊಸ ಬ್ಯಾಂಕಿನವರು ‘ಮತ್ತೆ 20 ವರ್ಷಕ್ಕೆ ಮಾಡಿಬಿಡೋಣ, ಕಂತು ಕಡಿಮೆಯಾಗುತ್ತೆ ಮೇಡಂ’ ಎಂದರೆ ಒಪ್ಪಬೇಡಿ. ಉಳಿದ ಅವಧಿಗಿಂತ ಒಂದು ತಿಂಗಳೂ ಹೆಚ್ಚಾಗಬಾರದು.

ಹೆಚ್ಚುವರಿ ಹಣ ಕಟ್ಟುವಾಗಲೂ ಇದೇ ಜಾಗ್ರತೆ ಬೇಕು. ಪಾರ್ಟ್ ಪೇಮೆಂಟ್ ಮಾಡಿದಾಗ ಕಂತು ಇಳಿಸಬೇಕೋ ಅವಧಿ ಇಳಿಸಬೇಕೋ ಎಂಬ ಎರಡು ದಾರಿಗಳಿವೆ. ನೀವು ಹೇಳದಿದ್ದರೆ ಕಂತು ಇಳಿಸಿಬಿಡುವ ಸಂಸ್ಥೆಗಳಿವೆ. ಹಾಗಾದರೆ ಅವಧಿ ಅಲ್ಲೇ ಉಳಿಯುತ್ತದೆ, ಲಾಭದ ಹೆಚ್ಚಿನ ಭಾಗ ಕೈತಪ್ಪುತ್ತದೆ. ‘ಅವಧಿ ಇಳಿಸಿ’ ಎಂದು ಬರೆದುಕೊಟ್ಟು, ಹೊಸ ಮರುಪಾವತಿ ಪಟ್ಟಿ ಕೇಳಿ ಪಡೆಯಿರಿ. ಬದಲಾಗುವ ದರದ ಗೃಹಸಾಲಕ್ಕೆ ವ್ಯಕ್ತಿಗಳಿಂದ ಮುಂಗಡ ಪಾವತಿಯ ದಂಡ ವಸೂಲಿ ಮಾಡುವಂತಿಲ್ಲ. ಸ್ಥಿರ ದರದ್ದಾದರೆ ಇರಬಹುದು, ಅದಕ್ಕೂ ಮಂಜೂರಾತಿ ಪತ್ರವೇ ಆಧಾರ. ಕೆಲವರು ಒಂದೆರಡು ಕಂತಿನಷ್ಟು ಮೊತ್ತಕ್ಕಿಂತ ಕಡಿಮೆ ಹಣ ತೆಗೆದುಕೊಳ್ಳುವುದಿಲ್ಲ. ಹಾಗಿದ್ದರೆ ಉಳಿದದ್ದನ್ನು ಬೇರೆ ಉಳಿತಾಯ ಖಾತೆಗೆ ಹಾಕುತ್ತ ಹೋಗಿ, ಅಷ್ಟು ತುಂಬಿದಾಗ ಕಟ್ಟಿ. ಆ ಖಾತೆಗೆ ಎಟಿಎಂ ಕಾರ್ಡಾಗಲಿ ಯುಪಿಐ ಆಗಲಿ ಬೇಡ.

ಈ ಬೇರೆ ಖಾತೆಯನ್ನು ನಾನು ಬಹಳ ಒತ್ತಿ ಹೇಳುತ್ತೇನೆ. ಮಿತವ್ಯಯ ಮಾಡುವ ಎಷ್ಟೋ ಮನೆಗಳಲ್ಲಿ ಸಾಲದ ಅವಧಿ ಒಂದು ದಿನವೂ ಇಳಿದಿರುವುದಿಲ್ಲ. ಸೊಪ್ಪಿನಲ್ಲಿ ಉಳಿದ 200 ರೂಪಾಯಿ ಅದೇ ವಾರ ಪಿಜ್ಜಾಗೋ ಪೆಟ್ರೋಲಿಗೋ ಸೇರಿಹೋಗಿರುತ್ತದೆ. ಉಳಿಸಿದೆವು ಎಂಬ ಸಮಾಧಾನ ಮಾತ್ರ ಮನಸ್ಸಿನಲ್ಲಿ ಇರುತ್ತದೆ. ಸಂಬಳ ಬಂದ ದಿನವೇ 3,000 ಆ ಖಾತೆಗೆ ಹೋಗಲಿ, ಆಮೇಲೆ ಅಡುಗೆಮನೆ ಮತ್ತು ತೋಟ ಸೇರಿ ಆ ಕೊರತೆಯನ್ನು ತುಂಬಲಿ. ಈ ಕ್ರಮ ತಿರುಗಿಸಿದರೆ ಕೆಲಸ ಆಗುವುದಿಲ್ಲ.

ಈಗ ಅಡುಗೆಮನೆ. ಡಬ್ಬ ತಂದರೂ ಗಲೀಜು ಮರಳಿ ಬಂತು ಎಂದಿರಿ. ಅದಕ್ಕೆ ಕಾರಣ ನಿಮ್ಮ ಸೋಮಾರಿತನ ಅಲ್ಲ. ಡಬ್ಬದಲ್ಲಿ ಹಿಡಿಯುವುದಕ್ಕಿಂತ ಹೆಚ್ಚು ಸಾಮಾನು ಮನೆಗೆ ಬರುತ್ತಿದೆ. ಆಫರ್ ಇದೆಯೆಂದು ಮೂರು ಕಿಲೋ ತೊಗರಿಬೇಳೆ ತಂದರೆ ಒಂದು ಕಿಲೋ ಡಬ್ಬಕ್ಕೆ, ಎರಡು ಕಿಲೋ ಪ್ಯಾಕೆಟ್ಟಿನಲ್ಲೇ ಸ್ಲ್ಯಾಬಿನ ಮೂಲೆಗೆ. ಮಳೆಗಾಲ ಬಂದಾಗ ಅದರಲ್ಲಿ ಹುಳು. ರವೆ ಇದೆಯೋ ಇಲ್ಲವೋ ನೆನಪಾಗದೆ ಇನ್ನೊಂದು ಪ್ಯಾಕೆಟ್. ಇದಕ್ಕೆ ಮದ್ದು ಹೊಸ ಡಬ್ಬ ಅಲ್ಲ, ಒಂದು ಭಾನುವಾರ. ಇರುವುದನ್ನೆಲ್ಲ ಕೆಳಗಿಳಿಸಿ, ಏನೇನು ಎಷ್ಟಿದೆ ಎಂದು ಒಂದು ಹಾಳೆಯಲ್ಲಿ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿ. ಹುಳು ಬಿದ್ದದ್ದನ್ನು ಬಿಸಿಲಿಗೆ ಹಾಕಿ. ಆಮೇಲೆ ಒಂದು ತಿಂಗಳು ಹಾಲು, ಮೊಸರು, ತರಕಾರಿ, ಎಣ್ಣೆ ಬಿಟ್ಟು, ಪಟ್ಟಿಯಲ್ಲಿ ಇರುವುದು ಮುಗಿಯುವವರೆಗೆ ಆ ಸಾಮಾನು ತರಬೇಡಿ. ಅವಲಕ್ಕಿ, ಶಾವಿಗೆ, ಹೆಸರುಬೇಳೆ, ಹುರುಳಿಕಾಳು ಎಂದು ಮರೆತುಹೋದ ಎಷ್ಟೋ ವಸ್ತು ತಿಂಡಿಯಾಗಿ ಹೊರಬರುತ್ತವೆ. ಮೊದಲ ತಿಂಗಳು ನಿಮ್ಮ 9,000ದ ಬಿಲ್ಲು 6,000ಕ್ಕೆ ಇಳಿದರೂ ನನಗೆ ಆಶ್ಚರ್ಯವಾಗದು. ಅದು ಹಾಗೇ ಉಳಿಯುವುದಿಲ್ಲ, ಸ್ಟಾಕ್ ಮುಗಿದ ಮೇಲೆ 7,500ರ ಆಸುಪಾಸಿನಲ್ಲಿ ನಿಲ್ಲಬಹುದು. ಆ 1,500 ನಿಮಗೆ ಬೇಕಾದ 3,000ದ ಅರ್ಧ. ನೀವು ಈಗಾಗಲೇ ತಂದ ಡಬ್ಬಗಳನ್ನು ಎಸೆಯಬೇಡಿ, ಆದರೆ ಅವುಗಳಲ್ಲಿ ಹಿಡಿಯದಷ್ಟು ತರುವುದಿಲ್ಲ ಎಂಬುದೇ ಅಳತೆಯಾಗಲಿ.

ಅಟ್ಟದ ಬಗ್ಗೆ ನೀವು ಬರೆದಿಲ್ಲ, ಆದರೆ ಅತ್ತೆ ಇರುವ ಮನೆಯೆಂದರೆ ಅಟ್ಟದಲ್ಲಿ ಹಿತ್ತಾಳೆ, ತಾಮ್ರದ ಪಾತ್ರೆಗಳು ಇದ್ದೇ ಇರುತ್ತವೆ. ಮಿತವ್ಯಯದ ಹುಮ್ಮಸ್ಸಿನಲ್ಲಿ ಅವನ್ನು ಗುಜರಿಗೆ ಹಾಕಬೇಡಿ. ತೂಕದ ಲೆಕ್ಕದಲ್ಲಿ ಸಿಗುವ ಹಣ ಸ್ವಲ್ಪ, ಅವರ ಮನಸ್ಸಿಗೆ ಆಗುವ ನೋವು ದೊಡ್ಡದು. ಅಟ್ಟದಲ್ಲಿ ಏನಿರಬೇಕು, ಏನು ಹೋಗಬೇಕು ಎಂಬುದನ್ನು ಅವರೇ ಹೇಳಲಿ. ಟಿವಿ, ಫ್ರಿಜ್ಜಿನ ರಟ್ಟಿನ ಪೆಟ್ಟಿಗೆಗಳು, ಕೆಟ್ಟ ಮಿಕ್ಸಿ, ಹಳೆ ಪೇಪರು ಹೋದರೆ ಸಾಕು, ಜಾಗ ತಾನಾಗಿ ಆಗುತ್ತದೆ.

ಇನ್ನು ತೋಟ. ವಿಡಿಯೊದವರು ಹೇಳಿದ 5,000 ನಿಮ್ಮ ಮನೆಯಲ್ಲಿ ಉಳಿಯಲು ಸಾಧ್ಯವೇ ಇಲ್ಲ, ಯಾಕೆಂದರೆ ನಿಮ್ಮ ತರಕಾರಿ ಬಿಲ್ಲೇ 3,200. ಅದರಲ್ಲೂ ಈರುಳ್ಳಿ, ಆಲೂಗಡ್ಡೆ, ಕ್ಯಾರೆಟ್, ಹುರುಳಿಕಾಯಿ, ಕೋಸು ಇವನ್ನು ತಾರಸಿಯಲ್ಲಿ ಬೆಳೆದು ಮಾರುಕಟ್ಟೆಯ ಬೆಲೆಗೆ ಸರಿಗಟ್ಟಲು ಆಗದು. ಟೊಮೆಟೊ ವಿಷಯದಲ್ಲಿ ನೀವು ಬೇಸರ ಪಡಬೇಡಿ. ಬಿಳಿನೊಣ ಹರಡುವ ಎಲೆ ಮುಟುರು ರೋಗಕ್ಕೆ ರೈತರ ಹೊಲವೇ ಸೋಲುತ್ತದೆ, ಚೀಲದಲ್ಲಿ ನೀರು ಹೆಚ್ಚು ಕಡಿಮೆಯಾದರೆ ಕಾಯಿಯ ತಳ ಕಪ್ಪಾಗಿ ಕೊಳೆಯುತ್ತದೆ. ಬೆಲೆ ಬಿದ್ದ ದಿನಗಳಲ್ಲಿ ನೀವು ಬೆವರು ಸುರಿಸಿ ಬೆಳೆದ ಒಂದು ಕಿಲೋ ದೇವರಾಜ ಮಾರುಕಟ್ಟೆಯಲ್ಲಿ ಪುಡಿಗಾಸಿಗೆ ಸಿಗುತ್ತದೆ. ಟೊಮೆಟೊ ಬಿಡಿ.

ನಿಮ್ಮ ಪಟ್ಟಿಯಲ್ಲಿ ತೋಟಕ್ಕೆ ಹೇಳಿ ಮಾಡಿಸಿದ ಸಾಲು ಆ 900 ರೂಪಾಯಿಯದು. ಸೊಪ್ಪು ಬೇಗ ಬಾಡುತ್ತದೆ, ಕಟ್ಟಿನ ಲೆಕ್ಕದಲ್ಲಿ ಮಾರುತ್ತಾರೆ, ಅರ್ಧ ಕಟ್ಟು ಬೇಕಿದ್ದರೂ ಒಂದು ಕಟ್ಟು ತರಬೇಕು, ಉಳಿದದ್ದು ಫ್ರಿಜ್ಜಿನಲ್ಲಿ ಕೊಳೆಯುತ್ತದೆ. ಮನೆಯಲ್ಲಿದ್ದರೆ ಬೇಕಾದಷ್ಟೇ ಕಿತ್ತುಕೊಳ್ಳಬಹುದು. ಉಳಿತಾಯದ ಗುಟ್ಟು ಇಲ್ಲಿದೆ. ತೋಟ ಒಂದು ಹದಕ್ಕೆ ಬಂದ ಮೇಲೆ ಆ 900ರಲ್ಲಿ 700 ಉಳಿಯಬಹುದೆಂದು ಇಟ್ಟುಕೊಳ್ಳಿ. ಕಡಿಮೆ ಅನ್ನಿಸಿತೆ? 700 ರೂಪಾಯಿ ತಪ್ಪದೆ ಸಾಲಕ್ಕೆ ಹೋದರೆ ಇಂದಿನ ದರದಲ್ಲೇ 204 ಕಂತು 194ಕ್ಕೆ ಇಳಿಯುತ್ತದೆ, ಒಟ್ಟು ಸುಮಾರು 1.65 ಲಕ್ಷ ಉಳಿಯುತ್ತದೆ. ನಿಮ್ಮ ಯಜಮಾನರಿಗೆ ಈ ಅಂಕಿ ತೋರಿಸಿ. ಹಾಗೆಯೇ ನೀವೂ ಒಂದು ಅಂಕಿ ನೋಡಬೇಕು: ತಿಂಗಳಿಗೆ 700ರಂತೆ ಆ 22,000 ವಾಪಸು ಬರಲು 31 ತಿಂಗಳು ಬೇಕು, ಪ್ಲಾಸ್ಟಿಕ್ ಗ್ರೋ ಬ್ಯಾಗುಗಳು ಬಿಸಿಲಿಗೆ ಎರಡು ಮೂರು ವರ್ಷದಲ್ಲಿ ಹರಿಯುತ್ತವೆ. ಅಂದರೆ ಸಾಮಾನು ಕೊಂಡು ಮಾಡುವ ತೋಟದಲ್ಲಿ ಉಳಿತಾಯ ಇಲ್ಲ. ಆದರೆ 22,000 ಈಗಾಗಲೇ ಹೋಗಿದೆ, ತೋಟ ನಿಲ್ಲಿಸಿದರೂ ಅದು ಬರುವುದಿಲ್ಲ. ಮುಂದೆ ತಿಂಗಳಿಗೆ ಎಷ್ಟು ಖರ್ಚು, ಎಷ್ಟು ಉಳಿತಾಯ ಎಂಬುದನ್ನು ಮಾತ್ರ ನೋಡಿ ತೀರ್ಮಾನಿಸಿ. ಹೊಸ ಚೀಲ, ಹೊಸ ಸ್ಟ್ಯಾಂಡ್, ಬಾಟಲಿಯಲ್ಲಿ ಬರುವ ‘ಬೂಸ್ಟರ್’ ಯಾವುದನ್ನೂ ಎರಡು ವರ್ಷ ಕೊಳ್ಳದಿದ್ದರೆ ನಿಮ್ಮ ತೋಟ ಲಾಭದಲ್ಲಿ ನಡೆಯುತ್ತದೆ.

40 ಚೀಲ ಬೇಡ. ಕೆಲಸಕ್ಕೆ ಹೋಗುವ ಹೆಣ್ಣುಮಗಳಿಗೆ 15 ಸಾಕು, ಉಳಿದವನ್ನು ಮಡಚಿ ನೆರಳಿನಲ್ಲಿಟ್ಟರೆ ಮುಂದೆ ಹರಿದವುಗಳ ಜಾಗಕ್ಕೆ ಬರುತ್ತವೆ. ಬೀಜಕ್ಕೆ ದುಡ್ಡು ಬೇಕಾದದ್ದು ಕಡಿಮೆ. ಮೆಂತ್ಯ, ಕೊತ್ತಂಬರಿ ಬೀಜ ನಿಮ್ಮ ಮಸಾಲೆ ಡಬ್ಬದಲ್ಲೇ ಇವೆ. ಕೊತ್ತಂಬರಿ ಕಾಳನ್ನು ಕೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು, ಬೇಸಿಗೆಯಲ್ಲಿ ಅದು ಬೇಗ ಹೂವಿಗೆ ಬರುತ್ತದೆ, ಆಗ ನೆರಳು ಬಲೆಯ ಅಡಿಗಿಡಿ. ಪುದೀನಕ್ಕೆ ಅಂಗಡಿಯಿಂದ ತಂದ ಕಟ್ಟಿನ ಬಲಿತ ಕಡ್ಡಿ ಸಾಕು. ಬಸಳೆ, ದೊಡ್ಡಪತ್ರೆ, ಚಕ್ರಮುನಿ ಮೂರೂ ಕಡ್ಡಿಯಿಂದ ಬರುತ್ತವೆ, ನೆರೆಮನೆಯವರಲ್ಲಿ ಕೇಳಿದರೆ ಇಲ್ಲ ಎನ್ನುವವರಿಲ್ಲ. ಚಕ್ರಮುನಿಯನ್ನು ಮಾತ್ರ ಬೇಯಿಸಿಯೇ, ಮಿತವಾಗಿ ತಿನ್ನಿ. ಅದರ ಹಸಿ ರಸವನ್ನು ದಿನವೂ ಹೆಚ್ಚಾಗಿ ಕುಡಿದವರ ಶ್ವಾಸಕೋಶಕ್ಕೆ ಹಾನಿಯಾದದ್ದು 1990ರ ದಶಕದಲ್ಲಿ ತೈವಾನ್‌ನಲ್ಲಿ ದಾಖಲಾಗಿದೆ. ಹರಿವೆ, ದಂಟು ಬೀಜ ಕೊಳ್ಳುವುದಾದರೆ ಕತ್ತರಿಸಿದಂತೆ ಮತ್ತೆ ಚಿಗುರುವ ತಳಿ ನೋಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಅಂಥದ್ದು. ಹೈಬ್ರಿಡ್ ಬೀಜ ಬೇಡ, ಅದರಿಂದ ಮುಂದಿನ ಬೆಳೆಗೆ ಬೀಜ ಹಿಡಿದರೆ ತಳಿ ಒಂದೇ ಥರ ಬರುವುದಿಲ್ಲ.

ಒಂದೇ ದಿನ ಎಲ್ಲ ಚೀಲಕ್ಕೂ ಬಿತ್ತುವುದು ಹೊಸಬರಿಂದ ಸಾಮಾನ್ಯವಾಗಿ ಆಗುವ ಕೆಲಸ. ಆಗ ಒಂದು ವಾರ ತಿಂದು ಮುಗಿಸಲಾಗದಷ್ಟು ಸೊಪ್ಪು, ಆಮೇಲೆ ಒಂದು ತಿಂಗಳು ಖಾಲಿ. ವಾರಕ್ಕೆ ಎರಡೆರಡು ಚೀಲಕ್ಕೆ ಮಾತ್ರ ಬಿತ್ತಿ. ಹರಿವೆ ನಾಲ್ಕು ವಾರದಲ್ಲಿ, ಮೆಂತ್ಯ ಅದಕ್ಕೂ ಮೊದಲೇ ಕೈಗೆ ಬರುತ್ತದೆ. ಎರಡು ಚೀಲ ಹಸಿಮೆಣಸಿನಕಾಯಿಗೆ ಇರಲಿ, ಒಂದು ಗಿಡ ತಿಂಗಳುಗಟ್ಟಲೆ ಕಾಯಿ ಬಿಡುತ್ತದೆ. ಎಲೆ ಮುದುರತೊಡಗಿದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಕರಗಲು ಒಂದೆರಡು ಹನಿ ಸೋಪಿನ ನೀರು ಸೇರಿಸಿ ಸಂಜೆ ಹೊತ್ತು ಎಲೆಯ ಕೆಳಗೂ ಬೀಳುವಂತೆ ಸಿಂಪಡಿಸಿ. ಕರಿಬೇವನ್ನು ಚೀಲದಲ್ಲಿ ಬೆಳೆಸಲು ಹೆಣಗಬೇಡಿ. ಕಾಂಪೌಂಡಿನ ಒಳಗೆ ಎರಡಡಿ ಮಣ್ಣು ಇದ್ದರೆ ಅಲ್ಲಿ ನೆಟ್ಟುಬಿಡಿ. ನುಗ್ಗೆಯ ಆಸೆಯಾದರೆ ವಿದ್ಯುತ್ ತಂತಿ, ಗೋಡೆಯಿಂದ ದೂರ ಜಾಗ ಇದೆಯೇ ನೋಡಿ, ಅದರ ಕೊಂಬೆ ಗಾಳಿಗೆ ಮುರಿಯುತ್ತದೆ.

ಗೊಬ್ಬರವನ್ನು ಕೊಳ್ಳಲೇಬೇಡಿ. ತಳಕ್ಕೂ ಬದಿಗೂ ತೂತು ಕೊರೆದ ಎರಡು ಹಳೆಯ ಬಕೆಟ್ ಸಾಕು. ತರಕಾರಿ ಸಿಪ್ಪೆ ಒಂದು ಪದರ, ಅದರ ಮೇಲೆ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಒಣಗಿದೆಲೆ, ವಾರಕ್ಕೊಮ್ಮೆ ಸ್ವಲ್ಪ ಹುಳಿ ಮಜ್ಜಿಗೆ. ಒಂದು ತುಂಬಿದ ಮೇಲೆ ಇನ್ನೊಂದು. ಎರಡು ಎರಡೂವರೆ ತಿಂಗಳಲ್ಲಿ ಗೊಬ್ಬರ ಸಿದ್ಧ. ವಾಸನೆ ಬಂದರೆ ಒಣಗಿದೆಲೆ ಕಡಿಮೆಯಾಗಿದೆ ಎಂದರ್ಥ. ಸೊಪ್ಪು ಮಣ್ಣಿನ ಸಾರಜನಕವನ್ನು ಬೇಗ ಹೀರುವುದರಿಂದ ಪ್ರತಿ ಬೆಳೆ ಕಿತ್ತ ಮೇಲೆ ಎರಡು ಹಿಡಿ ಗೊಬ್ಬರ ಬೆರೆಸದಿದ್ದರೆ ಮುಂದಿನ ಬೆಳೆ ಹಳದಿಯಾಗುತ್ತದೆ. ಅಕ್ಕಿ, ತರಕಾರಿ ತೊಳೆದ ನೀರು ಹದಿನೈದು ಚೀಲಕ್ಕೆ ದಿನದ ಬಹುಪಾಲು ಸಾಲುತ್ತದೆ. ಬಟ್ಟೆ ಒಗೆದ ಸೋಪಿನ ನೀರು, ಆರ್‌ಒ ಯಂತ್ರದಿಂದ ಹೊರಬರುವ ನೀರು ಸೊಪ್ಪಿಗೆ ಬೇಡ. ಆರ್‌ಒ ನೀರಿನ ಉಪ್ಪು ಚೀಲದಲ್ಲೇ ಕೂತು ಬೇರು ಸುಡುತ್ತದೆ, ಅದನ್ನು ನೆಲ ಒರೆಸಲು ಬಳಸಿ.

ತಾರಸಿಯ ಅಪಾಯ ಒಂದಿದೆ. ಅದನ್ನು ಹೇಳದೆ ಬಿಟ್ಟರೆ ನನ್ನ ಸಲಹೆ ಅರ್ಧವಾದೀತು. ಓಡಾಡುವ ತಾರಸಿಗೆ ನಮ್ಮ ದೇಶದ ಕಟ್ಟಡ ಮಾನಕದಲ್ಲಿ ಹಿಡಿಯುವ ಹೆಚ್ಚುವರಿ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ಒಂದಡಿ ಎತ್ತರದ ಚೀಲ ನೀರು ಕುಡಿದಾಗ 25ರಿಂದ 30 ಕಿಲೋ ತೂಗಬಹುದು. ಗೋಡೆಯ ಅಂಚಿಗೆ, ತೊಲೆಯ ಮೇಲೆ ಹರಡಿ ಇಟ್ಟರೆ ಚಿಂತೆಯಿಲ್ಲ, ನಡುವೆ ಗುಂಪು ಕೂರಿಸಬೇಡಿ. ಇಟ್ಟಿಗೆ ಕಟ್ಟಿ ಮಡಿ ಮಾಡಿ ಮಣ್ಣು ತುಂಬಿಸುವವರ ವಿಡಿಯೊ ನೋಡಿ ಮರುಳಾಗಬೇಡಿ, ಒಂದಡಿ ಆಳದ ಒದ್ದೆ ಮಣ್ಣು ಚದರ ಮೀಟರಿಗೆ ಐನೂರು ಕಿಲೋ ಹತ್ತಿರ ಬರುತ್ತದೆ. ಪ್ರತಿ ಚೀಲದ ಅಡಿಗೂ ಎರಡು ಇಟ್ಟಿಗೆ ಇರಲಿ, ನೀರು ಕೆಳಗಿಂದ ಹರಿದು ಪೈಪು ಸೇರಲಿ, ಬೇಸಿಗೆಯಲ್ಲಿ ಕಾಂಕ್ರೀಟಿನ ಬಿಸಿಯೂ ಬೇರಿಗೆ ತಟ್ಟದು. ಜೂನ್‌ಗೆ ಮೊದಲು ಚೀಲ ಸರಿಸಿ ಬಿರುಕು ನೋಡಿ. ಸೋರುವ ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸುವ ಒಂದು ಬಿಲ್ಲು ಹಲವು ವರ್ಷದ ಸೊಪ್ಪಿನ ಉಳಿತಾಯವನ್ನು ನುಂಗುತ್ತದೆ, ಮತ್ತು ಮನೆ ಅಡವಿರುವಾಗ ಆ ಖರ್ಚಿಗೆ ಮತ್ತೆ ಸಾಲವೇ ಗತಿ.

ಎಫ್‌ಡಿ ವಿಷಯದಲ್ಲಿ ನಿಮ್ಮ ಯಜಮಾನರ ಮಾತನ್ನು ನಾನು ಒಪ್ಪುವುದಿಲ್ಲ, ಅವರ ಕಳಕಳಿ ಒಳ್ಳೆಯದೇ ಆದರೂ. ಬಡ್ಡಿ ಲೆಕ್ಕದಲ್ಲಿ ಅವರು ಸರಿ: ಎಫ್‌ಡಿ ಕೊಡುವುದಕ್ಕಿಂತ ಸಾಲದ ದರ ಹೆಚ್ಚು. ಆದರೆ ನಿಮ್ಮ ಮನೆಗೆ ಕಂತೂ ಸೇರಿ ಮೂರು ತಿಂಗಳ ಖರ್ಚೇ ಎರಡು ಲಕ್ಷದ ಹತ್ತಿರವಿದೆ. ಇರುವುದು 1.8 ಲಕ್ಷ. ಗೃಹಸಾಲಕ್ಕೆ ಕಟ್ಟಿದ ಹಣವನ್ನು ನಾಳೆ ವಾಪಸು ಕೇಳಿದರೆ ಕೊಡುವುದಿಲ್ಲ. ಒಬ್ಬರ ಕೆಲಸ ಹೋದರೆ, ಅತ್ತೆಯವರಿಗೆ ಆಸ್ಪತ್ರೆ ಖರ್ಚು ಬಂದರೆ, ಶೇ 8.5ರ ಸಾಲ ತೀರಿಸಿದವರು ಅದಕ್ಕಿಂತ ಬಹಳ ದುಬಾರಿಯ ವೈಯಕ್ತಿಕ ಸಾಲಕ್ಕೆ ಕೈ ಹಾಕಬೇಕಾಗುತ್ತದೆ. ಸಾಲ ವಿಭಾಗದಲ್ಲಿ ಕೂತಿದ್ದಾಗ ನನ್ನೆದುರು ಹೀಗೆ ಬಂದು ಕೂತವರು ಕಡಿಮೆಯಿಲ್ಲ. ಆ ಎಫ್‌ಡಿಯನ್ನು ಮುಟ್ಟಬೇಡಿ. ಕ್ರೆಡಿಟ್ ಕಾರ್ಡಿನ ಬಾಕಿ ಇದ್ದರೆ ಮಾತ್ರ ಅದನ್ನು ಮೊದಲು ತೀರಿಸಿ, ಅದರ ಬಡ್ಡಿ ತಿಂಗಳಿಗೇ ಶೇ 3ರ ಮೇಲಿರುತ್ತದೆ.

ತೆರಿಗೆಯ ಹೆದರಿಕೆ ನಿಮಗೆ ಬೇಡ. ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಸ್ವಂತ ವಾಸದ ಮನೆಯ ಬಡ್ಡಿಗೆ ವಿನಾಯಿತಿಯೇ ಇಲ್ಲ. ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಸಿಗುತ್ತದೆ. ನೀವು ಈಗ ವರ್ಷಕ್ಕೆ ಕಟ್ಟುತ್ತಿರುವ ಬಡ್ಡಿ 2.7 ಲಕ್ಷಕ್ಕೂ ಹೆಚ್ಚು, ಹಾಗಾಗಿ ಸ್ವಲ್ಪ ಅಸಲು ತೀರಿಸಿದ ಮಾತ್ರಕ್ಕೆ ಆ ಮಿತಿ ತಪ್ಪುವುದಿಲ್ಲ. ಮನೆಯೂ ಸಾಲವೂ ಇಬ್ಬರ ಹೆಸರಲ್ಲಿದ್ದು ಇಬ್ಬರೂ ಹಳೆಯ ಪದ್ಧತಿಯಲ್ಲಿದ್ದರೆ ಲೆಕ್ಕ ಸ್ವಲ್ಪ ಬೇರೆ, ಆದರೂ ತೆರಿಗೆಯಲ್ಲಿ ಇಪ್ಪತ್ತೋ ಮೂವತ್ತೋ ಉಳಿಸಲು ನೂರು ರೂಪಾಯಿ ಬಡ್ಡಿ ಕಟ್ಟುವುದು ಲಾಭವಲ್ಲ.

ಕೊನೆಯದಾಗಿ ಚೀಟಿ. ಅದು ನೋಂದಾಯಿತ ಚೀಟಿಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಚೀಟಿ ನಡೆಸುವವರ ಕಮಿಷನ್ ಕಾನೂನಿನ ಪ್ರಕಾರ ಶೇ 7 ಮೀರುವಂತಿಲ್ಲ. ಈಗ ಕೂಗಿ ಎತ್ತಿದರೆ 1 ಲಕ್ಷದ ಚೀಟಿಯಲ್ಲಿ 12,000 ಬಿಟ್ಟುಕೊಡಬೇಕಾಯಿತು ಎಂದುಕೊಳ್ಳಿ. ಕೈಗೆ ಬಂದ 88,000ವನ್ನು ಸಾಲಕ್ಕೆ ಕಟ್ಟಿದರೆ ಚೀಟಿ ಮುಗಿಯುವ ಹತ್ತು ತಿಂಗಳಲ್ಲಿ ಉಳಿಯುವ ಬಡ್ಡಿ ಸುಮಾರು 6,200. ಬಿಟ್ಟುಕೊಟ್ಟದ್ದು ಅದರ ಎರಡರಷ್ಟು. ಐದು ಸಾವಿರದೊಳಗೆ ಬಿಟ್ಟುಕೊಟ್ಟರೆ ಚೀಟಿ ಸಿಗುವ ಹಾಗಿದ್ದರೆ ಎತ್ತಿ, ಇಲ್ಲವಾದರೆ ಕೊನೆಯವರೆಗೆ ಕಾಯಿರಿ. ನೋಂದಣಿ ಇಲ್ಲದ, ಪರಿಚಯದವರು ನಡೆಸುವ ಚೀಟಿಯಾದರೆ ಈ ಲೆಕ್ಕವನ್ನೆಲ್ಲ ಬದಿಗಿಟ್ಟು, ಸ್ವಲ್ಪ ನಷ್ಟವಾದರೂ ಬೇಗ ಎತ್ತಿಬಿಡಿ. ಅಲ್ಲಿ ಅಪಾಯಕ್ಕೆ ಸಿಗುವುದು ಬಡ್ಡಿಯಷ್ಟೇ ಅಲ್ಲ, ನೀವು ಕಟ್ಟಿದ ಅಸಲು. ಹಾಗೆ ಬಂದ ಹಣದಲ್ಲಿ ಮುಂದಿನ ಹತ್ತು ತಿಂಗಳ ಚೀಟಿ ಕಂತು 50,000ವನ್ನು ಎಫ್‌ಡಿಯ ಪಕ್ಕದಲ್ಲಿ ಎತ್ತಿಟ್ಟು, ಉಳಿದದ್ದನ್ನು ‘ಅವಧಿ ಇಳಿಸಿ’ ಎಂಬ ಪತ್ರದ ಜೊತೆ ಸಾಲಕ್ಕೆ ಕಟ್ಟಿ.